ತೊಡೆಯ ರಚನೆಯನ್ನು ತಿಳಿಯೋಣ

ನೇಗಿಲ ಹಿಂದೆ ನಡೆಯುವಾಗ, ತುಂಬಿದ ಕೊಡವನ್ನು ಹೊತ್ತು ತರುವಾಗ, ಮಗುವನ್ನೆತ್ತಿಕೊಂಡು ನೆಲದಿಂದ ಏಳುವಾಗ ದೇಹದ ಭಾರವನ್ನು ಹೊರುವುದು ತೊಡೆ. ಆದರೂ ಅದರೊಳಗೆ ಏನಿದೆಯೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಕೂಸಿಗೆ ಲಸಿಕೆಯನ್ನು ತೊಡೆಗೇ ಏಕೆ ಚುಚ್ಚುತ್ತಾರೆ? ಬಾಣಂತಿಯ ಒಂದೇ ಕಾಲು ಬಾತುಕೊಂಡರೆ ಅದನ್ನು ಏಕೆ ಅಲಕ್ಷಿಸಬಾರದು? ತೊಡೆಯ ರಚನೆಯನ್ನು ತಿಳಿದವರಿಗೆ ಈ ಪ್ರಶ್ನೆಗಳ ಉತ್ತರ ಸುಲಭವಾಗಿ ದೊರೆಯುತ್ತದೆ.

ಸ್ನಾಯುಗಳು

ತೊಡೆಯ ನಡುವೆ ಒಂದೇ ಎಲುಬಿದೆ. ನಮ್ಮ ದೇಹದ ಎಲುಬುಗಳಲ್ಲೆಲ್ಲ ಇದೇ ಅತ್ಯಂತ ಉದ್ದವಾದುದು. ಇದನ್ನು ಸುತ್ತುವರಿದ ಸ್ನಾಯುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು. ಮುಂಭಾಗದ ನಾಲ್ಕು ಸ್ನಾಯುಗಳು ಒಂದುಗೂಡಿ, ಮಡಿಸಿದ ಮೊಣಕಾಲನ್ನು ನೇರಗೊಳಿಸುತ್ತವೆ. ಹಿಂಭಾಗದ ಮೂರು ಸ್ನಾಯುಗಳು ಮೊಣಕಾಲನ್ನು ಮಡಿಸುತ್ತವೆ. ಒಳಭಾಗದ ಸ್ನಾಯುಗಳು ತೊಡೆಯನ್ನು ಒಳಕ್ಕೆ ಸೆಳೆಯುತ್ತವೆ.

ನರಗಳು

ಈ ಮೂರು ಗುಂಪುಗಳನ್ನು ಮುಖ್ಯವಾಗಿ ಮೂರು ನರಗಳು ಆಳುತ್ತವೆ. ಇವು ಬೆನ್ನೆಲುಬಿನ ಕೆಳಭಾಗದಿಂದ ಹೊರಡುತ್ತವೆ. ಇವುಗಳಲ್ಲಿ ಹಿಂಭಾಗದ ನರವು ಇಡೀ ದೇಹದಲ್ಲಿಯೇ ಅತ್ಯಂತ ದಪ್ಪವಾದುದು. ಅದು ಪೃಷ್ಠಭಾಗದ ಮೂಲಕ ಹಾಯ್ದು, ತೊಡೆಯ ಹಿಂದೆ ಇಳಿದು, ತನ್ನ ಕವಲುಗಳಿಂದ ಪಾದವನ್ನು ಮುಟ್ಟುತ್ತದೆ. ಎಳೆಗೂಸಿನ ಪೃಷ್ಠದಲ್ಲಿ ಸ್ನಾಯು ಇನ್ನೂ ಚೆನ್ನಾಗಿ ಬೆಳೆದಿರುವುದಿಲ್ಲ. ಅಲ್ಲಿ ಚುಚ್ಚಿದ ಸೂಜಿಯು ಈ ನರಕ್ಕೆ ತಗುಲಿದರೆ ಪಾದವು ಬಲಗುಂದಿ ಜೋತುಬೀಳಬಹುದು.

ತೊಡೆಯ ಮುಂಭಾಗದ ಹೊರಮಗ್ಗುಲಲ್ಲಾದರೋ ಸ್ನಾಯು ದಪ್ಪವಾಗಿದೆ. ದೊಡ್ಡ ನರವಾಗಲಿ, ದೊಡ್ಡ ರಕ್ತನಾಳವಾಗಲಿ ಅಲ್ಲಿಲ್ಲ. ಆದುದರಿಂದಲೇ 6, 10 ಮತ್ತು 14ನೆಯ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯನ್ನು ಕೂಸಿನ ಎಡತೊಡೆಯ ಈ ಭಾಗದಲ್ಲಿ ಚುಚ್ಚಲಾಗುತ್ತದೆ. ಚುಚ್ಚಿದ ಸ್ಥಳವನ್ನು ಉಜ್ಜಬೇಡಿರಿ. ಅದಕ್ಕೆ ಎಣ್ಣೆ, ಅರಿಶಿನ ಮುಂತಾದುವನ್ನು ಹಚ್ಚಬೇಡಿರಿ. ಕೆಲವರು ಸ್ವತಃ ಹೇಳಿ ಮಗುವಿನ ಪೃಷ್ಠಕ್ಕೆ ಸೂಜಿ ಹಾಕಿಸುವುದುಂಟು. ಹಾಗೆ ಒತ್ತಾಯಿಸುವುದು ಸರಿಯಲ್ಲ.

ರಕ್ತನಾಳಗಳು

ಶುದ್ಧರಕ್ತವನ್ನು ಒಯ್ಯುವ ದೊಡ್ಡ ನಾಳವು ತೊಡೆಸಂದಿನ ನಡುವೆ ತೊಡೆಯನ್ನು ಪ್ರವೇಶಿಸುತ್ತದೆ. ಅಲ್ಲಿ ಬೆರಳಿಟ್ಟು ಒತ್ತಿದರೆ ನಾಡಿಯ ಬಡಿತ ತಿಳಿಯುತ್ತದೆ. ಕುಡುಗೋಲಿನಿಂದಲೋ ಎತ್ತಿನ ಕೊಂಬಿನಿಂದಲೋ ಈ ನಾಳಕ್ಕೆ ಗಾಯವಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯವುಂಟಾಗಬಹುದು. ಒಡನೆಯೇ ಗಾಯಾಳುವನ್ನು ಮಲಗಿಸಿ, ಶುಚಿಯಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಎರಡೂ ಅಂಗೈಗಳಿಂದ ಬಲವಾಗಿ ಒತ್ತಿ ಹಿಡಿಯಿರಿ. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಈ ನಾಳದ ಪಕ್ಕದಲ್ಲಿಯೇ ಅಶುದ್ಧರಕ್ತವನ್ನು ಮೇಲಕ್ಕೆ ಒಯ್ಯುವ ನಾಳವಿದೆ. ರಕ್ತವು ಹಿಂದಕ್ಕೆ ಜಾರದಂತೆ ಅದರೊಳಗೆ ಕವಾಟಗಳಿವೆ. ನಾವು ನಡೆಯುವಾಗ ಕಾಲಿನ ಸ್ನಾಯುಗಳು ಹಿಂಡಿ ಈ ರಕ್ತವನ್ನು ಹೃದಯದತ್ತ ನೂಕುತ್ತವೆ. ಗರ್ಭಿಣಿಯಲ್ಲಿಯೂ ಹೆರಿಗೆಯ ನಂತರದ ಕೆಲವು ವಾರಗಳಲ್ಲಿಯೂ ರಕ್ತವು ಬೇಗನೆ ಹೆಪ್ಪುಗಟ್ಟುವ ಗುಣವನ್ನು ಪಡೆದಿರುತ್ತದೆ. ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವನ್ನು ತಡೆಯಲು ಪ್ರಕೃತಿಯೇ ಮಾಡಿದ ಏರ್ಪಾಡು ಇದು. ಆದರೆ ಬಾಣಂತಿಯನ್ನು ಹಗಲಿರುಳೂ ಮಲಗಿಸಿ, ಕುಡಿಯುವ ನೀರನ್ನೂ ಮಿತಗೊಳಿಸಿದರೆ ತೊಡೆಯ ನಾಳದಲ್ಲಿಯೇ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ.

ಒಂದೇ ಕಾಲಿನಲ್ಲಿ ಬಾವು, ನೋವು, ಬಿಸಿ ಕಂಡುಬಂದರೆ ಅದನ್ನು ಶೀತವೆಂದು ಭಾವಿಸಿ ಎಣ್ಣೆ ತಿಕ್ಕಬೇಡಿರಿ. ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಜೀವಕ್ಕೆ ಅಪಾಯ. ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿರಿ.

ದಂಪತಿಗಳು ನೆನಪಿಡಬೇಕಾದ ಮಾತುಗಳು

ವೈದ್ಯರು ಅಥವಾ ದಾದಿಯರು ಒಪ್ಪಿದ ಕೂಡಲೇ ಬಾಣಂತಿಯು ಎದ್ದು ನಿಧಾನವಾಗಿ ನಡೆದಾಡಬೇಕು; ಬಾಯಾರಿಕೆ ತೀರುವಷ್ಟು ನೀರು ಕುಡಿಯಬೇಕು. ಮಾಲಾ-ಎನ್ ನುಂಗುವ ಮಾತ್ರೆಯು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸಬಹುದಾದ್ದರಿಂದ, ಹೆರಿಗೆಯಾದೊಡನೆ ಅದನ್ನು ತಾವಾಗಿಯೇ ಆರಂಭಿಸಬಾರದು. ಆ ಸಮಯಕ್ಕೆ ತಕ್ಕ ಬೇರೆ ವಿಧಾನಗಳಿವೆ. ಪತಿಪತ್ನಿಯರಿಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ ತಿಳಿಯಿರಿ.

ಮನೆಯ ಹಿರಿಯರು ಹಳೆಯ ರೂಢಿಯನ್ನು ಹಿಡಿದು ಬೇರೆ ಮಾತು ಹೇಳಿದರೆ, ಕಾರಣವನ್ನು ವಿನಯದಿಂದ ವಿವರಿಸಿರಿ. ಆ ಹೊಣೆ ಪತ್ನಿಗಿಂತ ಪತಿಗೇ ಹೆಚ್ಚು ಸಲ್ಲುತ್ತದೆ.