ವಿಷವಿಲ್ಲದ ವಿಷಕಪ್ಪೆ, ಕಪ್ಪೆಯಿಲ್ಲದ ಗಾಜಿನ ಕಾಡು

ಫಸ್ಟ್ ಇಯರ್ ರಜೆಯಲ್ಲಿ ನನ್ನ ಫ್ರೆಂಡ್ಸ್ ಎಲ್ಲ ಪೈಥಾನ್ ಕಲೀತಿದ್ರೆ ನಾನು ಗುಬ್ಬಿಯ ಮನೆಯಲ್ಲಿ ಕೂತು ಕಪ್ಪೆಗಳ ವಿಡಿಯೋ ನೋಡ್ತಿದ್ದೆ. ಒಂದು ಗಾಜಿನ ಪೆಟ್ಟಿಗೆ, ಒಳಗೆ ಪಾಚಿ, ಜರಿಗಿಡ, ಮಂಜಿನ ಹಾಗೆ ನೀರಿನ ಹನಿ. ಅದರ ಮಧ್ಯೆ ಹೆಬ್ಬೆರಳಿನಷ್ಟು ಉದ್ದದ, ಇಂಕ್ ಬಾಟಲಿಯಲ್ಲಿ ಅದ್ದಿ ತೆಗೆದಂಥ ನೀಲಿ ಕಪ್ಪೆ. ಇದೇ ಪಾಯ್ಸನ್ ಡಾರ್ಟ್ ಕಪ್ಪೆ. ನೋಡಿದ ದಿನವೇ ನನಗೆ ಬೇಕು ಅನ್ನಿಸಿತು. ಸ್ಕಾಲರ್‌ಶಿಪ್ ದುಡ್ಡೂ ಸ್ವಲ್ಪ ಉಳಿದಿತ್ತು.

ಆಮೇಲೆ ಏನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಈ ಕಪ್ಪೆಯ ಬಗ್ಗೆ, ಅದನ್ನ ಸಾಕೋ ಪೆಟ್ಟಿಗೆಯ ಬಗ್ಗೆ ಕಲಿತದ್ದನ್ನ ಹಂಚಿಕೊಳ್ತೀನಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಹಾಗಾಗಿ ಕೆಲವು ಪದಗಳು ಹಾಗೇ ಬರುತ್ತವೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಹೆಸರಿನಲ್ಲಿರೋ ವಿಷ ಎಲ್ಲಿಂದ ಬಂತು?

ಡಾರ್ಟ್ ಕಪ್ಪೆಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನವು. ಕೊಲಂಬಿಯಾದ ಎಂಬೆರಾ ಜನ ಊದುಕೊಳವೆಯ ಬಾಣದ ತುದಿಗೆ ಇವುಗಳ ವಿಷ ಸವರಿ ಬೇಟೆ ಆಡ್ತಿದ್ರು, ಅದಕ್ಕೇ ಈ ಹೆಸರು. ಆದರೆ ಬಾಣಕ್ಕೆ ಬಳಸಿದ್ದು ಕೆಲವೇ ಜಾತಿಗಳನ್ನ ಮಾತ್ರ. ಅದರಲ್ಲಿ ಅತಿ ವಿಷದ್ದು ಫಿಲೋಬೇಟಿಸ್ ಟೆರಿಬಿಲಿಸ್ ಅನ್ನೋ ಬಂಗಾರದ ಬಣ್ಣದ ಕಪ್ಪೆ. 1978ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಒಂದು ಕಪ್ಪೆಯ ಚರ್ಮದಲ್ಲಿ ಸುಮಾರು 1 ಮಿಲಿಗ್ರಾಂ ಬ್ಯಾಟ್ರಕೊಟಾಕ್ಸಿನ್ ಇರುತ್ತೆ, ಅಷ್ಟು ಸಾಕು ಮನುಷ್ಯರ ಪ್ರಾಣ ಹೋಗೋಕೆ.

ಈ ವಿಷ ಮಾಡೋ ಕೆಲಸ ಎಲೆಕ್ಟ್ರಿಕಲ್‌ನವರಿಗೆ ಬೇಗ ಅರ್ಥ ಆಗುತ್ತೆ. ನಮ್ಮ ನರಗಳಲ್ಲಿ ಸೋಡಿಯಂ ಒಳಗೆ ಬರೋಕೆ ಸಣ್ಣ ಬಾಗಿಲುಗಳಿವೆ. ಅವು ತೆರೆದು ಮುಚ್ಚಿದರೇನೇ ಸಿಗ್ನಲ್ ಹೋಗೋದು. ಬ್ಯಾಟ್ರಕೊಟಾಕ್ಸಿನ್ ಹೋಗಿ ಆ ಬಾಗಿಲನ್ನ ತೆರೆದ ಸ್ಥಿತಿಯಲ್ಲೇ ಹಿಡಿದುಬಿಡುತ್ತೆ. ಸ್ವಿಚ್ ಆನ್ ಆಗಿ ಅಲ್ಲೇ ಸಿಕ್ಕಿಕೊಂಡ ಹಾಗೆ. ಸ್ನಾಯು ಸೆಟೆದುಕೊಳ್ಳುತ್ತೆ, ಹೃದಯದ ಬಡಿತ ದಾರಿ ತಪ್ಪುತ್ತೆ.

ಹಾಗಾದ್ರೆ ಜನ ಇದನ್ನ ಮನೆಯಲ್ಲಿ ಹೇಗೆ ಸಾಕ್ತಾರೆ? ನನಗೆ ತುಂಬ ಇಷ್ಟವಾದ ವಿಷಯ ಇದೇ. ಈ ಕಪ್ಪೆ ವಿಷವನ್ನ ತಾನೇ ತಯಾರಿಸೋದಿಲ್ಲ. ಕಾಡಲ್ಲಿ ತಿನ್ನೋ ಇರುವೆ, ನುಸಿ, ಚಿಕ್ಕ ಜೀರುಂಡೆಗಳಿಂದ ಅದು ಚರ್ಮಕ್ಕೆ ಸೇರಿಕೊಳ್ಳುತ್ತೆ. ಗಾಜಿನ ಪೆಟ್ಟಿಗೆಯಲ್ಲೇ ಹುಟ್ಟಿ ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆಯಲ್ಲಿ ಆ ವಿಷ ಇರಲ್ಲ. ಬಣ್ಣ ಅದೇ, ಹೆಸರೂ ಅದೇ, ಒಳಗಿನ ಸರಕು ಮಾತ್ರ ಇಲ್ಲ. ಅಂದ್ರೆ ವಿಷ ಇರೋದು ಬರೀ ಕಪ್ಪೆಯಲ್ಲಲ್ಲ, ಕಪ್ಪೆ ಮತ್ತು ಅದರ ಕಾಡಿನ ನಡುವಿನ ಸಂಬಂಧದಲ್ಲಿ.

ಪೆಟ್ಟಿಗೆ ಕಟ್ಟೋದು ಹೇಗೆ

ಗಿಡ ನೆಟ್ಟ ಇಂಥ ಗಾಜಿನ ಪೆಟ್ಟಿಗೆಗೆ ವೈವೇರಿಯಂ ಅಂತಾರೆ. ಇದರ ಮುತ್ತಜ್ಜ ವಾರ್ಡಿಯನ್ ಕೇಸ್. ಲಂಡನ್ನಿನ ಡಾಕ್ಟರ್ ನಥಾನಿಯೆಲ್ ವಾರ್ಡ್ 1829ರಲ್ಲಿ ಒಂದು ಪತಂಗದ ಕೋಶವನ್ನ ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಪತಂಗದ ಬದಲು ಮಣ್ಣಲ್ಲಿ ಜರಿಗಿಡ ಮೊಳೆಯೋದು ಅವರ ಕಣ್ಣಿಗೆ ಬಿತ್ತು. ಮುಂದೆ ಇದೇ ಉಪಾಯದ ಪೆಟ್ಟಿಗೆಗಳಲ್ಲಿ ಚೀನಾದ ಟೀ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದವು. ನಮ್ಮ ಕ್ಯಾಂಟೀನ್ ಟೀಗೂ ಈ ಪೆಟ್ಟಿಗೆಗೂ ಅಷ್ಟು ನಂಟಿದೆ.

ಒಂದು ಜೋಡಿ ಕಪ್ಪೆಗೆ 45 ಸೆಂ.ಮೀ. ಉದ್ದ, ಅಗಲ, ಎತ್ತರದ ಪೆಟ್ಟಿಗೆ ಸಾಕು. ನಾನು ತುಮಕೂರಿನಲ್ಲಿ ಗಾಜು ಕಟ್ ಮಾಡಿಸಿ ಗುಬ್ಬಿಗೆ ರೈಲಿನಲ್ಲಿ ತಂದೆ. ಮೊದಲ ಸಲ ಸಿಲಿಕೋನ್ ಸರಿಯಾಗಿ ಒಣಗೋಕೆ ಬಿಡದೆ ನೀರು ಹಾಕಿ ಟೇಬಲ್ ಪೂರ್ತಿ ಒದ್ದೆ ಆಯ್ತು. ಎರಡನೇ ಸಲ ನಿಂತಿತು.

ಒಳಗಿನ ಪದರಗಳು ಕೆಳಗಿನಿಂದ ಹೀಗೆ:

1. ತಳದಲ್ಲಿ ಸುಮಾರು 5 ಸೆಂ.ಮೀ. ಸುಟ್ಟ ಮಣ್ಣಿನ ಉಂಡೆ. ಹೆಚ್ಚಾದ ನೀರು ಇಲ್ಲಿ ಇಳಿದು ನಿಲ್ಲುತ್ತೆ, ಬೇರು ಕೊಳೆಯಲ್ಲ.

2. ಅದರ ಮೇಲೆ ಕಿಟಕಿಗೆ ಹಾಕೋ ಸೊಳ್ಳೆ ಬಲೆಯ ಒಂದು ತುಂಡು. ಮಣ್ಣು ಕೆಳಗೆ ಬೀಳದ ಹಾಗೆ ತಡೆಯೋಕೆ.

3. ಆಮೇಲೆ ಗಾಳಿಯಾಡೋ ಮಿಶ್ರಣ. ತೆಂಗಿನ ಮಟ್ಟೆಯ ಚೂರು, ನಾರಿನ ಪುಡಿ, ಇದ್ದಿಲು. ಹೊರದೇಶದವರು ಇದನ್ನೆಲ್ಲ ದುಡ್ಡು ಕೊಟ್ಟು ಪ್ಯಾಕೆಟ್‌ನಲ್ಲಿ ತರಿಸ್ತಾರೆ. ನಮ್ಮ ತಾಲ್ಲೂಕಲ್ಲಿ ತೆಂಗಿನ ತೋಟದ ಬದುವಿನಲ್ಲೇ ಬಿದ್ದಿರುತ್ತೆ. ಆದರೆ ಗೊಬ್ಬರ, ಔಷಧಿ ಹೊಡೆದ ಜಾಗದ್ದು ತರಬಾರದು. ಕಪ್ಪೆ ನೀರನ್ನ ಚರ್ಮದಿಂದಲೇ ಹೀರುತ್ತೆ, ಮಣ್ಣಲ್ಲಿ ಏನಿದ್ದರೂ ಅದರ ಮೈಗೆ ಹೋಗುತ್ತೆ.

4. ಎಲ್ಲಕ್ಕಿಂತ ಮೇಲೆ ಒಣಗಿದ ಎಲೆ. ನಾನು ಹಲಸಿನ ಎಲೆ ಕುದಿಸಿ ಒಣಗಿಸಿ ಹಾಕಿದೆ. ದಪ್ಪ ಇರೋದರಿಂದ ಬೇಗ ಕರಗಲ್ಲ.

ಗಿಡಕ್ಕೆ ಮನಿ ಪ್ಲಾಂಟ್, ಜರಿಗಿಡ, ಪಾಚಿ ಸಾಕು. ಇನ್ನು ಪೆಟ್ಟಿಗೆಯ ಪೌರಕಾರ್ಮಿಕರು: ಸ್ಪ್ರಿಂಗ್‌ಟೇಲ್ ಅನ್ನೋ ಕಣ್ಣಿಗೆ ಕಂಡೂ ಕಾಣದ ಬಿಳಿ ಹುಳು, ಮತ್ತು ಹಳೇ ಇಟ್ಟಿಗೆ ಎತ್ತಿದರೆ ಕಾಣೋ, ಮುಟ್ಟಿದರೆ ಕೆಲವು ಉಂಡೆ ಸುತ್ತಿಕೊಳ್ಳೋ ಐಸೊಪಾಡ್. ಕಪ್ಪೆಯ ಹಿಕ್ಕೆ, ಬೂಷ್ಟು, ಸತ್ತ ಎಲೆ ಎಲ್ಲವನ್ನೂ ಇವು ತಿಂದು ಪುಡಿ ಮಾಡ್ತವೆ. ಮಿಕ್ಕಿದ್ದನ್ನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತೆ, ಅದನ್ನ ಗಿಡ ಹೀರುತ್ತೆ. ಈ ಚಕ್ರ ಸರಿಯಾಗಿ ತಿರುಗೋಕೆ ಒಂದೂವರೆ ತಿಂಗಳಾದರೂ ಬೇಕು. ಕಪ್ಪೆ ಬರಬೇಕಾದ್ದು ಆಮೇಲೆ. ವಿಡಿಯೋ ನೋಡಿದ ಎಲ್ಲರೂ, ನಾನೂ ಸೇರಿ, ಮೊದಲು ಹುಡುಕೋದು ಕಪ್ಪೆಯನ್ನ!

ಇನ್ನೊಂದು ಖುಷಿಯ ವಿಷಯ. ಪ್ರಪಂಚದಾದ್ಯಂತ ಡಾರ್ಟ್ ಕಪ್ಪೆ ಸಾಕುವವರು ಅದು ಮೊಟ್ಟೆ ಇಡೋಕೆ ಕೊಡೋ ಮನೆ ಯಾವುದು ಗೊತ್ತಾ? ಬೋರಲು ಹಾಕಿದ ಅರ್ಧ ತೆಂಗಿನ ಚಿಪ್ಪು. ಬಾಗಿಲಿಗೆ ಒಂದು ತೂತು, ಒಳಗೆ ಒಂದು ಗಾಜಿನ ತಟ್ಟೆ. ನಮ್ಮ ಮನೆಯಲ್ಲಿ ಅದನ್ನ ಒಲೆಗೆ ಹಾಕ್ತಾರೆ.

ಊಟದ ವ್ಯವಸ್ಥೆ

ಈ ಕಪ್ಪೆಯ ಬಾಯಿ ಚಿಕ್ಕದು, ಓಡಾಡೋ ಜೀವ ಮಾತ್ರ ತಿನ್ನುತ್ತೆ. ಅದಕ್ಕೆ ಹಾರಲಾರದ ಹಣ್ಣಿನ ನೊಣ, ಅಂದ್ರೆ ಡ್ರೊಸೊಫಿಲಾ ಬೆಳೆಸಬೇಕು. ಇದರಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಂಶೋಧನೆಗಾಗಿ ಡ್ರೊಸೊಫಿಲಾ ಸ್ಟಾಕ್ ಸೆಂಟರೇ ಇದೆ. ಲ್ಯಾಬ್‌ನಲ್ಲಿ ನೊಣಕ್ಕೆ ಹಾಕೋ ಊಟದಲ್ಲಿ ಇರೋದು ಗೋಧಿ ರವೆ, ಬೆಲ್ಲ, ಅಗರ್, ಬೂಷ್ಟು ಬರದಿರಲು ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಹೆಚ್ಚುಕಮ್ಮಿ ಸಜ್ಜಿಗೆ! ಕಪ್ಪೆಗೆ ಕೊಡೋ ಮೊದಲು ನೊಣಕ್ಕೆ ಕ್ಯಾಲ್ಸಿಯಂ, ವಿಟಮಿನ್ ಪುಡಿ ಸವರಬೇಕು. ಇಲ್ಲದಿದ್ರೆ ಕಪ್ಪೆಯ ಮೂಳೆ ಸವೆದುಹೋಗುತ್ತೆ. ಚೆನ್ನಾಗಿ ನೋಡಿಕೊಂಡರೆ ಇವು 10 ವರ್ಷಕ್ಕೂ ಹೆಚ್ಚು ಬದುಕ್ತವೆ. ಅಂದ್ರೆ ನಮ್ಮ ಡಿಗ್ರಿ, ಕೆಲಸ, ಮದುವೆ ಎಲ್ಲ ಮುಗಿದರೂ ಪ್ರತಿದಿನ ನೊಣ ಸಾಕ್ತಾನೇ ಇರಬೇಕು.

ತುಮಕೂರಿನ ಬೇಸಿಗೆ ಮತ್ತು ಮಡಕೆಯ ಲೆಕ್ಕ

ಇವಕ್ಕೆ ಬೇಕಾದ್ದು 22ರಿಂದ 26 ಡಿಗ್ರಿ, ತೇವಾಂಶ 80 ಪರ್ಸೆಂಟ್‌ಗಿಂತ ಮೇಲೆ. 30 ದಾಟಿ ಅಲ್ಲೇ ನಿಂತರೆ ಅಪಾಯ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಎಷ್ಟಿರುತ್ತೆ ಅಂತ ನಿಮಗೇ ಗೊತ್ತು.

ನೀರು ಚಿಮುಕಿಸಿದ್ರೆ ತಂಪಾಗುತ್ತಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗೋದು ಹೊರಗಿನ ಗಾಳಿ ಒಣಗಿರೋದರಿಂದ. ಮಡಕೆಯ ಮೈಯಿಂದ ನೀರು ಆವಿಯಾಗ್ತಾ ಶಾಖ ತಗೊಂಡು ಹೋಗುತ್ತೆ. ವೈವೇರಿಯಂ ಒಳಗೆ ಗಾಳಿ ಆಗಲೇ ನೀರಿನಿಂದ ತುಂಬಿದೆ. ಆವಿಯಾಗೋಕೆ ಜಾಗವೇ ಇಲ್ಲ, ಹಾಗಾಗಿ ತಂಪೂ ಇಲ್ಲ. ಕಪ್ಪೆಯೂ ಬೆವರಿ ತಂಪಾಗೋಕೆ ಆಗಲ್ಲ. ಚಿಕ್ಕ ಕಂಪ್ಯೂಟರ್ ಫ್ಯಾನ್ ಇಟ್ಟೆ: ತಂಪಾಯ್ತು, ಆದರೆ ತೇವಾಂಶ ಬಿದ್ದುಹೋಯ್ತು. ಫ್ಯಾನ್ ನಿಲ್ಲಿಸಿದೆ: ತೇವಾಂಶ ಬಂತು, ಶಾಖವೂ ಬಂತು. ಒಂದು ಮಧ್ಯಾಹ್ನ ಮೂರು ಗಂಟೆಗೆ ಕರೆಂಟ್ ಹೋದಾಗ ಖಾಲಿ ಪೆಟ್ಟಿಗೆಯೊಳಗಿನ ಥರ್ಮಾಮೀಟರ್ 33 ತೋರಿಸ್ತು. ಒಳಗೆ ಕಪ್ಪೆ ಇದ್ದಿದ್ರೆ? ಅವತ್ತು ಮೊದಲ ಸಲ ಭಯ ಆಯ್ತು.

'ಪೇಪರ್ ಏನೂ ಬೇಡ ಬ್ರೋ'

ಅದೇ ವಾರ ಇನ್‌ಸ್ಟಾದಲ್ಲಿ ಒಬ್ಬ ಮಾರೋನು ರಿಪ್ಲೈ ಮಾಡಿದ. ಜೋಡಿ ಇದೆ, ಬಸ್ ಪಾರ್ಸಲ್‌ನಲ್ಲಿ ಕಳಿಸ್ತೀನಿ, ಪೇಪರ್ ಏನೂ ಬೇಡ ಬ್ರೋ ಅಂದ. ಅಡ್ವಾನ್ಸ್ ಕೇಳಿದ. ಕೈ ಫೋನ್‌ಪೇ ಮೇಲೇ ಇತ್ತು, ನಿಜ ಹೇಳ್ತೀನಿ.

ಪೇಪರ್ ಬೇಕು. ಡಾರ್ಟ್ ಕಪ್ಪೆಗಳು ಸೈಟಿಸ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಅನುಸೂಚಿಯಲ್ಲಿ ಸೈಟಿಸ್ ಪ್ರಾಣಿಗಳನ್ನ ಸೇರಿಸಿದ್ದಾರೆ. 2024ರ ನಿಯಮದ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಪೇಪರ್ ಇಲ್ಲ ಅಂದ್ರೆ ಕಾನೂನಿನ ತೊಂದರೆ ಒಂದೇ ಅಲ್ಲ, ಆ ಕಪ್ಪೆ ಎಲ್ಲಿಂದ ಬಂತು ಅಂತಾನೇ ಗೊತ್ತಿಲ್ಲ. ಕಾಡಿಂದ ಹಿಡಿದು ತಂದಿದ್ದೂ ಇರಬಹುದು.

ನನ್ನ ಕೈ ನಿಲ್ಲಿಸಿದ್ದು ಮಾತ್ರ ಇನ್ನೊಂದು ವಿಷಯ. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಒಂದು ನೀಲಿ ಡಾರ್ಟ್ ಕಪ್ಪೆ ಸತ್ತಿತ್ತು. ಅದರ ಚರ್ಮದಿಂದ ಬೇರ್ಪಡಿಸಿದ ಶಿಲೀಂಧ್ರಕ್ಕೆ 1999ರಲ್ಲಿ ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಅಂತ ಹೆಸರಿಟ್ಟರು. ಹೆಸರಲ್ಲೇ ಡಾರ್ಟ್ ಕಪ್ಪೆಯ ಕುಟುಂಬ ಇದೆ. ಈ ಕೈಟ್ರಿಡ್ ರೋಗದಿಂದ ಕನಿಷ್ಠ 501 ಜಾತಿಯ ಉಭಯವಾಸಿಗಳು ಕಡಿಮೆಯಾಗಿವೆ, ಅದರಲ್ಲಿ 90 ಪೂರ್ತಿ ಅಳಿದಿರಬಹುದು ಅಂತ 2019ರ ಅಧ್ಯಯನ ಹೇಳಿತು. ಸಾಕುಪ್ರಾಣಿ ವ್ಯಾಪಾರದಿಂದಲೂ ಇದು ದೇಶದಿಂದ ದೇಶಕ್ಕೆ ಹರಡಿದೆ. ಇದು ನೀರಿನಲ್ಲಿ ಈಜಿಕೊಂಡು ಹೋಗೋ ರೋಗ. ನಾನು ಪೆಟ್ಟಿಗೆಯ ಕೊಳೆನೀರನ್ನ ಚರಂಡಿಗೆ ಚೆಲ್ಲಿದರೆ ಅದು ಹೋಗೋದು ಎಲ್ಲಿಗೆ? ಗದ್ದೆಗೆ, ಕೆರೆಗೆ.

ಕುಣಿಗಲ್ ಅಜ್ಜಿ ಮನೆಯ ತೊಟ್ಟಿ

ದುಡ್ಡು ಕಳಿಸಲಿಲ್ಲ. ಸಪ್ಪೆ ಮುಖ ಹಾಕ್ಕೊಂಡು ಜೂನ್‌ನಲ್ಲಿ ಕುಣಿಗಲ್ ಹತ್ತಿರದ ಅಜ್ಜಿ ಊರಿಗೆ ಹೋದೆ. ಕಥೆ ಕೇಳಿ ಅಜ್ಜಿ ನಕ್ಕರು. "ಕಪ್ಪೆಗೆ ದುಡ್ಡು ಕೊಡ್ತಾರೇನೋ ಮಗ? ಬಚ್ಚಲಲ್ಲಿ ಕೂತದೆ ಹೋಗ್ ನೋಡು" ಅಂದ್ರು.

ಹೋಗಿ ನೋಡಿದೆ. ಗೋಡೆಗೆ ಅಂಟಿಕೊಂಡು ಒಂದು ಕಂದು ಮರಗಪ್ಪೆ. ಹಿತ್ತಲಿನ ನೀರಿನ ತೊಟ್ಟಿಯ ಅಂಚಿನಲ್ಲಿ ಸೋಪಿನ ನೊರೆ ಥರ ಏನೋ ಮೆತ್ತಿಕೊಂಡಿತ್ತು. ಅದು ಆ ಕಪ್ಪೆಯ ಗೂಡು. ಮೊಟ್ಟೆ ಒಣಗದ ಹಾಗೆ ನೊರೆ ಕಟ್ಟಿ ನೀರಿನ ಮೇಲೆ ಅಂಟಿಸುತ್ತೆ, ಮರಿ ಹೊರಬಂದರೆ ನೇರ ನೀರಿಗೆ ಬೀಳುತ್ತೆ. ಡಾರ್ಟ್ ಕಪ್ಪೆಯ ಅಪ್ಪ ಮರಿಗಳನ್ನ ಬೆನ್ನ ಮೇಲೆ ಹೊತ್ತು ನೀರಿಗೆ ಒಯ್ಯುತ್ತೆ ಅಂತ ಬೆರಗಾಗಿದ್ದೆ. ನಮ್ಮ ಉತ್ತರ ಕನ್ನಡದ ಕಾಡಲ್ಲಿ ಕುಂಬಾರ ಕಪ್ಪೆ ಅಂತ ಒಂದಿದೆ, 2014ರಲ್ಲಿ ವಿಜ್ಞಾನಕ್ಕೆ ಪರಿಚಯ ಆಯ್ತು. ಅದರ ಗಂಡು ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತಿ ಕಾಪಾಡುತ್ತೆ.

ಅವತ್ತು ರಾತ್ರಿ ಜೋರು ಮಳೆ. ಬೆಳಿಗ್ಗೆ ಗದ್ದೆಯ ನಿಂತ ನೀರಲ್ಲಿ ಗೂಳಿಕಪ್ಪೆಗಳು ಕೂಗ್ತಿದ್ವು. ವರ್ಷವೆಲ್ಲ ಮಣ್ಣಿನ ಬಣ್ಣದಲ್ಲಿರೋ ಗಂಡುಗಳು ಆ ಕಾಲಕ್ಕೆ ಮಾತ್ರ ನಿಂಬೆಹಣ್ಣಿನ ಹಳದಿ ಆಗ್ತವೆ, ಗಂಟಲಿನ ಎರಡೂ ಪಕ್ಕ ಕಡುನೀಲಿ ಚೀಲ. ನಾನು ದುಡ್ಡು ಕೊಟ್ಟು ತರಿಸಬೇಕು ಅಂತಿದ್ದ ಎರಡೂ ಬಣ್ಣ ಒಂದೇ ಕಪ್ಪೆಯಲ್ಲಿತ್ತು. ಹಿಡಿಯಲಿಲ್ಲ, ಬದುವಿನ ಮೇಲೆ ಕೂತು ನೋಡಿದೆ.

ನನ್ನ ಪೆಟ್ಟಿಗೆ ಈಗಲೂ ಗುಬ್ಬಿಯಲ್ಲಿದೆ. ಜರಿಗಿಡ ಗಾಜು ಮುಟ್ಟಿದೆ, ಸ್ಪ್ರಿಂಗ್‌ಟೇಲ್‌ಗಳು ಲೆಕ್ಕ ಸಿಗದಷ್ಟಾಗಿವೆ. ಕಪ್ಪೆ ಇಲ್ಲ. ನಿಮಗೂ ವೈವೇರಿಯಂ ಆಸೆ ಇದ್ದರೆ ಗಿಡದಿಂದ ಶುರು ಮಾಡಿ, ಒಂದು ಪೂರ್ತಿ ಬೇಸಿಗೆ ಥರ್ಮಾಮೀಟರ್ ನೋಡಿ. ಅದಾದ ಮೇಲೂ ಕಪ್ಪೆ ಬೇಕು ಅನ್ನಿಸಿದರೆ ಮಾರುವವರನ್ನ ಮೊದಲು ಕೇಳಬೇಕಾದ್ದು ರೇಟ್ ಅಲ್ಲ, ನೋಂದಣಿ ಪತ್ರ. ಮತ್ತೆ ಮುಂದಿನ ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಂದ ಮಾರನೇ ಬೆಳಿಗ್ಗೆ ಫಸ್ಟ್ ಅವರ್ ಬಂಕ್ ಮಾಡಿ ಯಾವುದಾದರೂ ಗದ್ದೆ ಹತ್ತಿರ ಹೋಗಿ. ಅಟೆಂಡೆನ್ಸ್ ಜವಾಬ್ದಾರಿ ನಂದಲ್ಲ.