ಮಂಡ್ಯದ ಕಲ್ಲಿನಲ್ಲಿ ಹಗುರ ಲೋಹ

ಮಂಡ್ಯ ಎಂದೊಡನೆ ಕಬ್ಬು, ಬೆಲ್ಲ, ನಾಲೆ ನೀರು ನೆನಪಾಗುತ್ತವೆ. ಲೋಹದ ಮಾತು ಬಂದರೆ ಬಳ್ಳಾರಿ, ಕೋಲಾರದ ಕಡೆಗೆ ಕೈ ತೋರಿಸುವುದು ರೂಢಿ. ಆದರೆ ಲೋಹದ ಕಥೆಯಲ್ಲಿ ಈ ಜಿಲ್ಲೆಗೂ ಹಳೆಯ ಪಾತ್ರವಿದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಅದಿರನ್ನು ಅರೆದು, ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದಿಬ್ಬಗಳು ಇಂದಿಗೂ ಅಲ್ಲೇ ಇವೆ.

ಈಗ ಮಂಡ್ಯ ಜಿಲ್ಲೆಯ ನೆಲದಲ್ಲೇ ಒಂದು ಲೋಹದ ಸುಳಿವು ಸಿಕ್ಕಿದೆ. ಅದು ಲಿಥಿಯಂ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣದ ಸುತ್ತಲಿನ ಪೆಗ್ಮಟೈಟ್ ಶಿಲೆಗಳಲ್ಲಿ ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಇದನ್ನು ಗುರುತಿಸಿತು. 2020ರಲ್ಲಿ 14,100 ಟನ್ ಎಂಬ ಅಂದಾಜು ಸುದ್ದಿಯಾಯಿತು. ಮರುವರ್ಷ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 1,600 ಟನ್. ಅದೂ ಪ್ರಾಥಮಿಕ ಶೋಧನೆಯ ಲೆಕ್ಕ. ಒಂದು ವಿದ್ಯುತ್ ಕಾರಿಗೆ ಸುಮಾರು 8 ಕೆ.ಜಿ. ಲಿಥಿಯಂ ಬೇಕೆಂದಿಟ್ಟುಕೊಳ್ಳಿ. ಒಂದು ಚೂರೂ ಹಾಳಾಗದೆ ಕೈಸೇರಿದರೆ 2 ಲಕ್ಷ ಕಾರುಗಳಿಗೆ ಸಾಕು, ಅಷ್ಟೆ.

ಲಿಥಿಯಂ ಲೋಹಗಳಲ್ಲೆಲ್ಲ ಅತಿ ಹಗುರ. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್ಸನ್ ಇದನ್ನು ಕಲ್ಲಿನಲ್ಲಿ ಕಂಡುಹಿಡಿದರು. ಕಲ್ಲು ಎಂಬ ಅರ್ಥದ ಗ್ರೀಕ್ ಪದದಿಂದಲೇ ಹೆಸರು ಬಂತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಈ ಬ್ಯಾಟರಿಗೆ ತಳಹದಿ ಹಾಕಿದ ಮೂವರು ವಿಜ್ಞಾನಿಗಳಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಕಲ್ಲು ಸಿಕ್ಕ ಮಾತ್ರಕ್ಕೆ ಲೋಹ ಸಿಕ್ಕಂತಲ್ಲ. ಸ್ಪೊಡ್ಯುಮಿನ್ ಎಂಬ ಖನಿಜವನ್ನು ಮೊದಲು ಸುಮಾರು 1,050 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಆಗ ಅದರ ಹರಳಿನ ರಚನೆ ಸಡಿಲವಾಗುತ್ತದೆ. ನಂತರ ಗಂಧಕಾಮ್ಲದೊಡನೆ 250 ಡಿಗ್ರಿಯಲ್ಲಿ ಬೇಯಿಸಿ, ನೀರಿನಲ್ಲಿ ಕರಗಿಸಿ, ಶುದ್ಧಗೊಳಿಸಿ ಸೋಡಾ ಬೆರೆಸಿದರೆ ಲಿಥಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಕೆಳಗಿಳಿಯುತ್ತದೆ. ಇಂಥ ಅದಿರಿನಲ್ಲಿ ಲಿಥಿಯಂ ಆಕ್ಸೈಡ್ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಮಿಕ್ಕ ಪುಡಿಯನ್ನು ಎಲ್ಲಿ ಸುರಿಯುವುದು? ಸುಡಲು ಇಂಧನ, ತೊಳೆಯಲು ನೀರು ಎಲ್ಲಿಂದ ತರುವುದು? ನಾಲೆ ನೀರನ್ನೇ ನಂಬಿದ ಜಿಲ್ಲೆಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಕಡಿಮೆ ಶಾಖ, ಕಡಿಮೆ ಆಮ್ಲ, ಕಡಿಮೆ ನೀರಿನಲ್ಲಿ ಇದೇ ಕೆಲಸ ಮಾಡುವ ದಾರಿಯನ್ನು ರಸಾಯನ ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಲೋಹವನ್ನು ಪತ್ತೆ ಹಚ್ಚುವುದೂ ರಸಾಯನ ವಿಜ್ಞಾನದ ಕೆಲಸವೇ. ಪಿಯುಸಿ ಪ್ರಯೋಗಾಲಯದಲ್ಲಿ ಜ್ವಾಲೆಯ ಪರೀಕ್ಷೆ ಮಾಡಿದವರಿಗೆ ಇದರ ಗುಟ್ಟು ಗೊತ್ತು. ಸೋಡಿಯಂ ಜ್ವಾಲೆಗೆ ಹಳದಿ ಬಣ್ಣ ಕೊಟ್ಟರೆ ಲಿಥಿಯಂ ಕಡುಗೆಂಪು ಕೊಡುತ್ತದೆ. ಬಣ್ಣದ ಪ್ರಖರತೆ ಅಳೆದರೆ ಲೋಹ ಎಷ್ಟಿದೆ ಎಂಬುದೂ ತಿಳಿಯುತ್ತದೆ. ರೈತರು ಮಣ್ಣು ಪರೀಕ್ಷೆಗೆ ಕೊಟ್ಟಾಗ ಪೊಟ್ಯಾಷ್ ಅಳೆಯುವ ಫ್ಲೇಮ್ ಫೋಟೋಮೀಟರ್ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ.

ಇನ್ನೊಂದು ಗಣಿ ಮನೆಯ ಅಲಮಾರಿನಲ್ಲೇ ಇದೆ. ಕೆಟ್ಟ ಮೊಬೈಲುಗಳ ಬ್ಯಾಟರಿಯನ್ನು ಕಾರ್ಖಾನೆಯಲ್ಲಿ ಪುಡಿ ಮಾಡಿದರೆ ಲಿಥಿಯಂ, ಕೋಬಾಲ್ಟ್, ನಿಕ್ಕಲ್, ಗ್ರಾಫೈಟ್ ಬೆರೆತ ಕಪ್ಪು ಪುಡಿ ದೊರೆಯುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸಬಹುದು. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆದರೆ ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಬ್ಯಾಟರಿ ಕಸದ ಬುಟ್ಟಿ ಸೇರಿದರೆ ನಿಯಮ ಏನು ಮಾಡೀತು? ಮಕ್ಕಳು ಕುತೂಹಲಕ್ಕೆ ಅದನ್ನು ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಉಂಟು.

ಮಕ್ಕಳು ಎಂಜಿನಿಯರೋ ಡಾಕ್ಟರೋ ಆಗಲೆಂದು ಬಯಸುವ ಪೋಷಕರು ರಸಾಯನ ವಿಜ್ಞಾನದ ಪದವಿಯನ್ನು ಎರಡನೇ ದರ್ಜೆಯ ಆಯ್ಕೆಯೆಂದು ಕಾಣುವುದುಂಟು. ಮರಳಗಾಲದ ಕಲ್ಲು ಮುಂದೆ ಗಣಿಯಾದೀತೋ ಇಲ್ಲವೋ, ಹಳೆಯ ಬ್ಯಾಟರಿಗಳ ರಾಶಿಯಂತೂ ಬೆಳೆಯುತ್ತಲೇ ಹೋಗುತ್ತದೆ. ದಿಬ್ಬ ಬಿಡದೆ ಲೋಹ ತೆಗೆಯಬಲ್ಲವರು ಎರಡಕ್ಕೂ ಬೇಕು.