ಬೇಸ್ ಗಿಟಾರಿಗೆ ಎಷ್ಟು ಇಂಚಿನ ಸ್ಪೀಕರ್?

ರಸಮಂಜರಿ ತಂಡಗಳಲ್ಲಿ ಬೇಸ್ ಗಿಟಾರ್ ನುಡಿಸುವ ಗೆಳೆಯರೇ, ಸ್ಪೀಕರ್ ಪೆಟ್ಟಿಗೆ ಕೊಳ್ಳಲು ಹೋದಾಗ ‘15 ಇಂಚಿನದೇ ತಗೊಳ್ಳಿ, 10 ಇಂಚಿನದರಲ್ಲಿ ಮಂದ್ರ ಬರುವುದಿಲ್ಲ’ ಎಂಬ ಮಾತು ಕೇಳಿರುತ್ತೀರಿ. ಪೂರ್ತಿ ನಂಬಬೇಡಿ.

ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಸಭೆಗೆ ಮುಟ್ಟಬೇಕಾದರೆ ಬಹಳಷ್ಟು ಗಾಳಿಯನ್ನು ತಳ್ಳಬೇಕು. 10 ಇಂಚಿನ ನಾಲ್ಕು ಸ್ಪೀಕರ್ ಸೇರಿದರೆ, ಗಾಳಿ ತಳ್ಳುವ ಹರವು 15 ಇಂಚಿನ ಒಂದಕ್ಕಿಂತ ಮುಕ್ಕಾಲು ಪಾಲು ಹೆಚ್ಚೇ ಆಗುತ್ತದೆ. ಆಂಪೆಗ್ ಕಂಪನಿಯ ಹೆಸರಾಂತ ಎಸ್‌ವಿಟಿ ಜೊತೆಗೆ 1969ರಲ್ಲಿ ಬಂದ ಪೆಟ್ಟಿಗೆಯಲ್ಲಿಯೂ ಇದ್ದದ್ದು 10 ಇಂಚಿನವೇ, ಒಟ್ಟು ಎಂಟು. ಹೊರುವುದಕ್ಕೆ ಮಾತ್ರ ಇಬ್ಬರು ಬೇಕು!

ಎರಡು ಬಗೆಯನ್ನೂ ಬೆರೆಸುವವರು ಎಚ್ಚರ. 8 ಓಮ್‌ನ ಎರಡು ಪೆಟ್ಟಿಗೆ ಹಚ್ಚಿದರೆ ಶಕ್ತಿ ಸಮಪಾಲಾಗುತ್ತದೆ. 400 ವಾಟ್ ಕೊಟ್ಟಿರೆನ್ನಿ: 10 ಇಂಚಿನ ನಾಲ್ಕಕ್ಕೂ ತಲಾ 50; 15 ಇಂಚಿನದು ಒಂದೇ 200 ವಾಟ್ ತಾಳಿಕೊಳ್ಳಬೇಕು. ಸುಟ್ಟುಹೋಗುವ ಭಯ ಅದಕ್ಕೇ ಹೆಚ್ಚು. ಒಂದೇ ಬಗೆಯ ಎರಡು ಪೆಟ್ಟಿಗೆ ಕೊಳ್ಳುವುದು ಲೇಸು. ಆಗಲೂ 8 ಓಮ್‌ನ ಎರಡು ಸೇರಿ 4 ಓಮ್ ಆಗುತ್ತದೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ 4 ಓಮ್‌ಗೆ ಒಪ್ಪಿಗೆ ಇದೆಯೇ ಎಂದು ಓದಿಕೊಂಡೇ ವೈರು ಸಿಕ್ಕಿಸಿ.